ಮಳೆಗಾಲದ ಗ್ರೀಸು

ಲೇಹ್
24 ನವೆಂಬರ್ 2024

ಅಪ್ಪನಿಗೆ ನಮಸ್ಕಾರ.

ಭಾನುವಾರದ ಫೋನೆಲ್ಲ ಅವ್ವನ ಪಾಲು. ನಿಮ್ಮ ಕಿವಿ ಹೋದ ಮೇಲೆ ನಮ್ಮಿಬ್ಬರಿಗೆ ಉಳಿದದ್ದು ಕಾಗದ ಒಂದೇ. ಇಲ್ಲಿಂದ ವಿಮಾನ ಹಾರಿದ ದಿನ ಅಂಚೆ ಹೊರಡುತ್ತದೆ, ಮೋಡ ಕವಿದರೆ ಇಲ್ಲೇ ಕೂರುತ್ತದೆ. ಹತ್ತು ದಿನಕ್ಕೆ ಮುಟ್ಟಿದರೆ ಪುಣ್ಯ ಎನ್ನುತ್ತಾರೆ.

ಮೊನ್ನೆ ಮೊದಲ ಹಿಮ ಬಿತ್ತು. ನೋಡಲು ಭಾಳ ಚೆಂದ. ಅದರ ಮೇಲೆ ಸ್ಕೂಟರ್ ಓಡಿಸಬೇಕಾದವರಿಗೆ ಮಾತ್ರ ಚೆಂದ ಕಾಣುವುದಿಲ್ಲ. ನಾನಿರುವ ಮನೆ ಚೋಗ್ಲಮ್ಸರಿನಲ್ಲಿ, ಆಸ್ಪತ್ರೆಗೆ ಆರು ಕಿಲೋಮೀಟರ್. ಮನೆಯಿಂದ ದೊಡ್ಡ ರಸ್ತೆಗೆ ಇಳಿಯುವ ಓಣಿ ಒಂದೇ ಇಳಿಜಾರು, ಕೊನೆಯಲ್ಲಿ ಒಂದು ತಿರುವು. ಮನೆಯ ಒಡತಿ ಅಮಾಲೆ (ಇಲ್ಲಿ ಅಮ್ಮನಿಗೆ ಹಾಗೆನ್ನುತ್ತಾರೆ) ದಿನಾ ಬೆಳಿಗ್ಗೆ ಒಲೆಯ ಬೂದಿ ತಂದು ಓಣಿಯುದ್ದಕ್ಕೂ ಚೆಲ್ಲುತ್ತಾಳೆ, ನನ್ನ ಗಾಲಿ ಜಾರದಿರಲಿ ಎಂದು. ಅವಳ ಮಗಳು ಪದ್ಮಾ ನಮ್ಮ ಆಸ್ಪತ್ರೆಯಲ್ಲೇ ನರ್ಸು. ಎಂಟಕ್ಕೆ ನಾನು ಮೊದಲ ರೋಗಿಯನ್ನು ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಬೇಕು. ಅವರೆಲ್ಲ ದೂರದ ಹಳ್ಳಿಗಳಿಂದ ಹಿಂದಿನ ದಿನವೇ ಬಂದು ಕಾದಿರುತ್ತಾರೆ, ಹಾಗಾಗಿ ತಡ ಮಾಡುವ ಹಾಗಿಲ್ಲ.

ನೀವು ಸ್ಕೂಟರಿನ ಕನ್ನಡಿಗೆ ಸುತ್ತಿ ಕಳಿಸಿದ್ದ ಮರಾಠಿ ಪೇಪರುಗಳು ಈಗ ನನ್ನ ಸ್ವೆಟರಿನೊಳಗಿವೆ. ಗಾಳಿ ತಡೆಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ದಿನಾ ಸದಾಶಿವ ಪೇಠದ ಬಾಡಿಗೆ ಮನೆಗಳ ಜಾಹೀರಾತನ್ನು ಎದೆಯ ಮೇಲೆ ಹೊತ್ತು ಡ್ಯೂಟಿಗೆ ಹೋಗುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಬೆಳಿಗ್ಗೆ ಎಕ್ಸಲರೇಟರ್ ಸೋಮಾರಿಯಾಗಿರುತ್ತದೆ. ತಿರುಗಿಸಿ ಕೈ ಸಡಿಲಿಸಿದರೆ ತಕ್ಷಣ ಹಿಂದಕ್ಕೆ ಬರುವುದಿಲ್ಲ, ಒಂದು ಎರಡು ಎಣಿಸುವಷ್ಟು ಹೊತ್ತು ಹಿಡಿಯುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತಿದ್ದ ಗಾಡಿ ತೆಗೆದರೆ ಏನೂ ತೊಂದರೆ ಇಲ್ಲ. ಇದು ಯಾಕೆ?

ನಿಮ್ಮ ಮಂಜರಿ

*

ಸದಾಶಿವ ಪೇಠ, ಪುಣೆ
6 ಡಿಸೆಂಬರ್ 2024

ಚಿ. ಮಂಜರಿಗೆ ಅಪ್ಪನ ಆಶೀರ್ವಾದ. ಇಲ್ಲಿ ನನ್ನ ಕಿವಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ.

ನಿನ್ನ ಕಾಗದ ಹನ್ನೊಂದನೆಯ ದಿನಕ್ಕೆ ಬಂತು. ಇಲ್ಲಿಯೂ ಥಂಡಿ ಶುರುವಾಗಿದೆ. ಹತ್ತು ಡಿಗ್ರಿ ಬಂದದ್ದೇ ತಡ, ಕೋಚಿಂಗ್ ಕ್ಲಾಸಿನ ಹುಡುಗಿಯರೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಡಕಾಯಿತರ ಹಾಗೆ ಸ್ಕೂಟರ್ ಮೇಲೆ ಹೋಗುತ್ತಿದ್ದಾರೆ. ನಿನ್ನ ಸುದ್ದಿ ಹೇಳಿ ಅವರ ಬಾಯಿ ಮುಚ್ಚಿಸುತ್ತೇನೆ.

ಎಕ್ಸಲರೇಟರ್ ವಿಷಯ ಓದಿ ನಗು ಬಂತು. ಬೆಳಿಗ್ಗೆ ತೊಂದರೆ, ಮಧ್ಯಾಹ್ನ ತೊಂದರೆ ಇಲ್ಲ ಎಂದರೆ ತಪ್ಪು ಗಾಡಿಯದಲ್ಲ, ನಿನ್ನ ಕೈಯದು. ಬೆಳಗಿನ ಚಳಿಗೆ ಬೆರಳು ಮರಗಟ್ಟುತ್ತವೆ, ಮೇಲೆ ದಪ್ಪ ಉಣ್ಣೆಯ ಕೈಗವಸು. ಕೈ ಸಡಿಲಿಸಿದೆ ಎಂದು ನಿನಗೆ ಅನಿಸುತ್ತದೆ, ಮಣಿಕಟ್ಟು ಇನ್ನೂ ಹಿಡಿದೇ ಇರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತೆಳು ಕೈಗವಸು ಹಾಕಿಕೋ.

ಹಿಡಿಕೆಯಿಂದ ಇಂಜಿನ್ನಿಗೆ ಹೋಗುವ ಕೇಬಲ್ ಬಗ್ಗೆ ಮಾತ್ರ ಅನುಮಾನ ಬೇಡ. ನೀನು ಹೊರಡುವ ಮುಂಚೆ ಮೂರು ದಿನ ಅದನ್ನು ಮೊಳೆಗೆ ನೇತುಹಾಕಿ, ಮೇಲಿನ ತುದಿಗೆ ಕಾಗದದ ಕೊಳವೆ ಕಟ್ಟಿ, ಗ್ರೀಸು ಕಾಸಿ ಎಣ್ಣೆ ಬೆರೆಸಿ ಕುಡಿಸಿದ್ದೇನೆ. ಮಳೆಗಾಲಕ್ಕೆ ಮುಂಚೆ ಇದೇ ಮಿಶ್ರಣ ಕುಡಿಸಿಕೊಳ್ಳಲು ಅಷ್ಟು ದೂರದ ಕೊಂಢವಾದಿಂದ ನಮ್ಮ ಗ್ಯಾರೇಜಿಗೆ ಜನ ಬರುತ್ತಾರೆ. ಜೂನಿನಿಂದ ಸೆಪ್ಟೆಂಬರವರೆಗೆ ಒಂದು ಹನಿ ನೀರು ಒಳಗೆ ಹೋಗುವುದಿಲ್ಲ. ನಿನ್ನ ಗಾಡಿಗೆ ಎರಡರಷ್ಟು ಕುಡಿಸಿದ್ದೇನೆ, ಹಿಮ ಅಂದರೂ ಕಡೆಗೆ ನೀರೇ ತಾನೆ. ಬ್ರೇಕು, ಎಕ್ಸಲರೇಟರ್ ಎರಡಕ್ಕೂ ಅದೇ. ನಲವತ್ತೊಂದು ವರ್ಷದಲ್ಲಿ ಈ ರಾಘಣ್ಣನ ಕೇಬಲ್ ಹಿಡಿದುಕೊಂಡಿತು ಎಂದು ಯಾರೂ ತಿರುಗಿ ಬಂದಿಲ್ಲ. ಬಿಚ್ಚಿದ ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡದೆ ಒಂದು ಗಾಡಿಯನ್ನೂ ಕಳಿಸಿದವನಲ್ಲ ನಾನು. ಅದು ನಿನಗೂ ಗೊತ್ತು.

ಸ್ಕೂಟರ್ ಬೇಡ, ಅಲ್ಲಿ ಟ್ಯಾಕ್ಸಿ ಸಿಗುತ್ತವೆ ಎಂದು ನೀನು ಹೇಳಿದ್ದೆ. ರಾಘಣ್ಣನ ಮಗಳು ಮಂದಿ ಗಾಡಿಗೆ ಕೈ ಅಡ್ಡ ಹಿಡಿದು ನಿಲ್ಲಬಾರದು ಎಂದು ಹಟ ಹಿಡಿದು ಟ್ರಕ್ಕಿನಲ್ಲಿ ಹಾಕಿ ಕಳಿಸಿದವನು ನಾನು. ಆ ಗಾಡಿಯ ಜವಾಬ್ದಾರಿ ನನ್ನದು.

ನಿನ್ನ ಅಪ್ಪ
ರಾಘಣ್ಣ

*

ಲೇಹ್
17 ಡಿಸೆಂಬರ್ 2024

ಅಪ್ಪನಿಗೆ ನಮಸ್ಕಾರ.

ತೆಳು ಕೈಗವಸು ಹಾಕಿಕೊಂಡೆ. ಬೆರಳಿನ ತುದಿ ನೀಲಿಯಾಯಿತು, ಆದರೆ ಎಕ್ಸಲರೇಟರಿನ ಸೋಮಾರಿತನ ಹೋಗಲಿಲ್ಲ. ಈಗ ಒಂದು ಎರಡಲ್ಲ, ನಾಲ್ಕೈದು ಎಣಿಸಬೇಕು. ಕೈಯಿಂದಲೇ ಹಿಂದಕ್ಕೆ ತಿರುಗಿಸಿದರೂ ಒಳಗೆ ಏನೋ ಹಿಡಿದಂತಾಗುತ್ತದೆ. ಬೆಳಿಗ್ಗೆ ಮೈನಸ್ ಹನ್ನೆರಡು ಇರುತ್ತದೆ. ನಿಜ ಹೇಳಲೇ? ಓಣಿ ಇಳಿಯುವಾಗ ಹೆದರಿಕೆಯಾಗುತ್ತದೆ. ಇಲ್ಲಿ ಬಸ್ ನಿಲ್ದಾಣದ ಹತ್ತಿರ ಸ್ಟಾನ್ಜಿನ್ ಎಂಬ ಮೆಕ್ಯಾನಿಕ್ ಇದ್ದಾನೆ. ತೋರಿಸಲೇ ಎಂದುಕೊಂಡೆ. ನೀವು ಕುಡಿಸಿದ ಕೇಬಲನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ನಿಮಗೆ ಬೇಜಾರಾಗುತ್ತದೆ ಎಂದು ಬಿಟ್ಟೆ.

ಪದ್ಮಾಳ ಪಾಳಿಯೂ ಈಗ ಬೆಳಿಗ್ಗೆಗೆ ಬದಲಾಗಿದೆ. ದಿನಾ ನನ್ನ ಹಿಂದೆ ಕೂತು ಬರುತ್ತಾಳೆ. ದಾರಿಯುದ್ದಕ್ಕೂ ನನ್ನ ಜೇಬಿನಲ್ಲಿ ಕೈ ಇಟ್ಟುಕೊಂಡು ಹಾಡುತ್ತಿರುತ್ತಾಳೆ. ಒಬ್ಬಳೇ ಇದ್ದಾಗ ಇಲ್ಲದ ಚಿಂತೆ ಈಗ ಇದೆ.

ಇನ್ನೊಮ್ಮೆ ಯೋಚಿಸಿ ಹೇಳಿ. ಕೇಬಲ್ ಇರಬಹುದೇ?

ಮಂಜರಿ

*

ಪುಣೆ
27 ಡಿಸೆಂಬರ್ 2024

ಚಿ. ಮಂಜರಿಗೆ ಆಶೀರ್ವಾದ.

ಕಾಗದ ನಿನ್ನೆ ಬಂತು. ಬಂದಾಗ ಅಂಬಣ್ಣನವರು ಗ್ಯಾರೇಜಿನಲ್ಲೇ ಕೂತಿದ್ದರು. ನಿನಗೆ ನೆನಪಿರಬೇಕು, ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಟ್ರಕ್ಕು ಓಡಿಸಿದವರು, ಈಗ ಕೊಂಢವಾದಲ್ಲಿರುತ್ತಾರೆ. ಮಾತಿಗೆ ನೀನು ಬರೆದದ್ದನ್ನು ತೋರಿಸಿದೆ. ನನಗೆ ಕೇಳಲಿ ಎಂದು ಅವರು ಓಣಿಗೆಲ್ಲ ಕೇಳುವಂತೆ ಹೇಳಿದರು, "ರಾಘಣ್ಣಾ, ಅಲ್ಲೆ ಗ್ರೀಸ್ ಅನ್ನೋದು ಮೇಣ ಆಗತದರಿ. ನಾವು ಗಾಡಿ ಕೆಳಗ ಬೆಂಕಿ ಹಚ್ಚಿ, ಕಾಸಿಕೊಂಡು ಹೊರಡತಿದ್ವಿ."

ಮಿಲಿಟರಿಯವರ ಮಾತು ನಿನಗೆ ಗೊತ್ತೇ ಇದೆ. ಸುಳ್ಳು ಮಾಡಿ ತೋರಿಸೋಣ ಎಂದು ಒಂದು ಚಮಚ ಮಿಶ್ರಣವನ್ನು ಮನೆಗೆ ಒಯ್ದು ಫ್ರೀಜರಿನಲ್ಲಿ ಇಟ್ಟೆ. ನಿಮ್ಮವ್ವ ತುರಿದಿಟ್ಟ ಕೊಬ್ಬರಿಗೆಲ್ಲ ಗ್ಯಾರೇಜಿನ ವಾಸನೆ ಹತ್ತಿತು. "ಫ್ರಿಜ್‌ನ್ಯಾಗ ಗ್ರೀಸ್ ಇಡೋ ಗಂಡಸನ್ನ ನಾ ಇಲ್ಲೇ ನೋಡಿದ್ದು" ಎಂದು ಬೈದಳು. ಆ ಸುದ್ದಿ ಬಿಡು.

ಒಂದು ಮಾತು. ಕೆಲವು ದಿನ ಬೆಳಿಗ್ಗೆ ಸ್ಕೂಟರ್ ತೆಗೆಯಬೇಡ. ಟ್ಯಾಕ್ಸಿಯಲ್ಲಿ ಹೋಗು. ಕಾರಣ ಏನಿಲ್ಲ. ಚಳಿ ಜಾಸ್ತಿ ಇದೆ ಎಂದು ಪೇಪರಿನಲ್ಲಿ ಓದಿದೆ, ಅಷ್ಟೇ. ಮೆಕ್ಯಾನಿಕ್ ಗಿಕ್ಯಾನಿಕ್ ಬೇಡ.

ಅಪ್ಪ

*

ಲೇಹ್
4 ಜನವರಿ 2025

ಅಪ್ಪನಿಗೆ,

ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡಿ. ಬಲಗೈ ಮಣಿಕಟ್ಟು ಉಳುಕಿದೆ, ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಅವ್ವನಿಗೆ ಹೇಳಬೇಡಿ.

ಸೋಮವಾರ, ಮೂವತ್ತನೇ ತಾರೀಖು, ಬೆಳಿಗ್ಗೆ ಏಳೂ ಕಾಲಿಗೆ ಬಿದ್ದೆವು. ನಾಲ್ಕು ಬೆರಳಷ್ಟು ಹೊಸ ಹಿಮ ಬಿದ್ದು ಅಮಾಲೆಯ ಬೂದಿಯೆಲ್ಲ ಅಡಿಯಲ್ಲಿ ಮುಚ್ಚಿಹೋಗಿತ್ತು. ಓಣಿಯ ಕೊನೆಯ ತಿರುವಿನಲ್ಲಿ ಕೈ ಸಡಿಲಿಸಿದೆ. ಗಾಡಿ ನಿಧಾನವಾಗಲಿಲ್ಲ, ಎಳೆದುಕೊಂಡೇ ಹೋಯಿತು. ಬ್ರೇಕು ಹಿಡಿದೆ. ಅದೂ ತಡವಾಗಿ ಹಿಡಿಯಿತು, ಹಿಡಿದಾಗ ಹಿಂದಿನ ಗಾಲಿ ಜಾರಿತು. ದೊಡ್ಡ ರಸ್ತೆಯ ಅಂಚಿಗೆ ಹೋಗಿ ಬಿದ್ದೆವು. ನೀರಿನ ಟ್ಯಾಂಕರ್ ಒಂದು ನಮ್ಮಿಂದ ಎರಡು ಮಾರು ಆಚೆ ನಿಂತಿತು. ಪದ್ಮಾಳ ಎಡಗಾಲು ಗಾಡಿಯ ಅಡಿಯಲ್ಲಿತ್ತು. ಅವಳು ಅಳಲಿಲ್ಲ, ಚೀರಲಿಲ್ಲ. ಮಲಗಿದ್ದಲ್ಲಿಂದಲೇ ಇಂಜಿನ್ ಬಂದ್ ಮಾಡು ಎಂದಳು. ಗಾಡಿ ಮಗ್ಗುಲಾಗಿ ಬಿದ್ದಿದ್ದರೂ, ನನ್ನ ಕೈ ಹಿಡಿಕೆಯ ಮೇಲೆ ಇಲ್ಲದಿದ್ದರೂ ಇಂಜಿನ್ ಕೂಗುತ್ತಲೇ ಇತ್ತು, ಗಾಲಿ ತಿರುಗುತ್ತಲೇ ಇತ್ತು. ಕೀಲಿ ತಿರುಗಿಸಿದ ಮೇಲೆ ನಿಂತಿತು.

ಪದ್ಮಾಳ ಪಾದದ ಮೇಲಿನ ಮೂಳೆ ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಆಮೇಲೂ ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದು ಮೂಳೆ ಡಾಕ್ಟರು ನನ್ನ ಮುಂದೆಯೇ ಹೇಳಿದರು. ಹೇಗಾಯಿತು ಎಂದು ಆಸ್ಪತ್ರೆಯವರು ಬರೆದು ಕೊಡಲು ಕೇಳಿದರು. ನಾನು ಓಡಿಸಿದ ರೀತಿಯೇ ತಪ್ಪು ಎಂದು ಬರೆದು ಸಹಿ ಹಾಕಿಕೊಟ್ಟೆ. ನೀವು ಹೇಳಿದ್ದೇ ಸರಿ, ಕುಣಿಯಲಾರದವಳು ನಾನೇ. ಕೈ ಪೂರ್ತಿ ಬಿಟ್ಟಿದ್ದೆನೇ ಎಂದು ಎಷ್ಟು ಸಲ ನೆನಪು ಮಾಡಿಕೊಂಡರೂ ತಿಳಿಯುವುದಿಲ್ಲ.

ನಾನು ಇರುವುದು ಅವರದೇ ಮನೆಯಲ್ಲಿ ಅಪ್ಪ. ಒಬ್ಬರೂ ಒಂದು ಮಾತು ಅಂದಿಲ್ಲ. ಅಮಾಲೆ ದಿನಾ ಬೆಳಿಗ್ಗೆ ಮೊದಲಿನ ಹಾಗೆಯೇ ನನಗೆ ರೊಟ್ಟಿ, ಚಹಾ ತಂದಿಡುತ್ತಾಳೆ. ಬೈದಿದ್ದರೆ ತಿನ್ನಬಹುದಿತ್ತು. ಓಣಿಗೆ ಬೂದಿ ಚೆಲ್ಲುವುದನ್ನು ಮಾತ್ರ ನಿಲ್ಲಿಸಿದ್ದಾಳೆ.

ಮಂಜರಿ

*

ಪುಣೆ
15 ಜನವರಿ 2025

ಚಿ. ಮಂಜರಿಗೆ,

ನಿನ್ನೆ ಸಂಕ್ರಾಂತಿ. ಕಾಗದವೂ ನಿನ್ನೆಯೇ ಬಂತು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ನಿಮ್ಮವ್ವನಿಗೆ ಹೇಳಿಲ್ಲ.

ಪದ್ಮಾಳಿಗೆ ಬೇಗ ಗುಣವಾಗಲಿ. ಮಣಿಕಟ್ಟಿಗೆ ಬಿಸಿ ಕೊಡು. ಭಾರ ಎತ್ತಬೇಡ. ನಡೆದದ್ದು ನಡೆಯಿತು, ಅದನ್ನೇ ತಲೆಗೆ ಹಚ್ಚಿಕೊಂಡು ಕೂರಬೇಡ. ಹಿಮದಲ್ಲಿ ಎಂಥವರೂ ಜಾರುತ್ತಾರೆ.

ಗಾಡಿಯನ್ನು ಮುಚ್ಚಿಡು. ಅಲ್ಲಿನ ಯಾರಿಗೂ ಬಿಚ್ಚಲು ಕೊಡಬೇಡ. ಹೊರಗಿನವರ ಕೈ ಬಿದ್ದರೆ ಗಾಡಿ ಕೆಡುತ್ತದೆ. ನೀನು ವಾಪಸು ಬರುವಾಗ ಹಾಗೆಯೇ ಟ್ರಕ್ಕಿಗೆ ಹಾಕು, ನಾನೇ ನೋಡುತ್ತೇನೆ.

ಇಷ್ಟೇ.

ಅಪ್ಪ

*

ಲೇಹ್
25 ಜನವರಿ 2025

ಅಪ್ಪನಿಗೆ,

ನಿಮ್ಮ ಹದಿನೈದರ ಕಾಗದ ನಿನ್ನೆ ತಲುಪಿತು. ಗಾಡಿ ಯಾರಿಗೂ ಬಿಚ್ಚಲು ಕೊಡಬೇಡ ಎಂದು ಬರೆದಿದ್ದೀರಿ. ತಡವಾಯಿತು. ಅದು ಬರುವುದಕ್ಕೆ ನಾಲ್ಕು ದಿನ ಮುಂಚೆ ಸ್ಟಾನ್ಜಿನ್ ಬಂದು ಬಿಚ್ಚಿದ. ಅವನನ್ನು ಕರೆದವಳು ನಾನಲ್ಲ, ಪದ್ಮಾ. ಹಾಸಿಗೆಯಲ್ಲಿ ಮಲಗಿ ಮಲಗಿ ಅವಳಿಗೆ ಒಂದೇ ಯೋಚನೆಯಂತೆ: ಮಂಜರಿಯ ಕೈ ನನ್ನ ಕಣ್ಣ ಮುಂದೆ ಹಿಮದ ಮೇಲಿತ್ತು, ಹಾಗಾದರೆ ಇಂಜಿನ್ ಕೂಗಿದ್ದು ಹೇಗೆ?

ಬೆಳಿಗ್ಗೆ ಎಂಟಕ್ಕೆ, ಬಿಸಿಲು ಬರುವ ಮುಂಚೆ, ಅಂಗಳದಲ್ಲೇ ಬಿಚ್ಚಿದ. ಒಳಗಿನ ತಂತಿಯನ್ನು ಎಳೆದರೆ ಬರಲಿಲ್ಲ. ಹೊರಗಿನ ಕವಚವನ್ನು ಉದ್ದಕ್ಕೆ ಸೀಳಿದ. ಒಳಗೆ ಗಟ್ಟಿಯಾದ ಮೇಣದ ಬತ್ತಿ. ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಪದ್ಮಾ ಮಲಗಿದ್ದ ಕೋಣೆಗೆ ತಂದು ಒಲೆಯ ಹತ್ತಿರ ಹಿಡಿದಾಗ ಕರಗಿತು. ಮಧ್ಯಾಹ್ನ ತೊಂದರೆ ಇರದಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ಇದನ್ನು ತುಂಬಿದವನು ಯಾರು ಎಂದು ಸ್ಟಾನ್ಜಿನ್ ಕೇಳಿದ. ಪದ್ಮಾ ನನ್ನ ಮುಖ ನೋಡಿದಳು. ನಾನು ಹೇಳಿದೆ.

ಗೊತ್ತಿಲ್ಲದೆ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ನೀವು ಹಿಮ ಕಂಡವರಲ್ಲ, ಮಳೆ ಕಂಡವರು. ಆದರೆ ನಿಮ್ಮ ಡಿಸೆಂಬರ್ ಇಪ್ಪತ್ತೇಳರ ಕಾಗದವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅದು ನನಗೆ ತಲುಪಿದ್ದು ಜನವರಿ ಎಂಟಕ್ಕೆ, ಪದ್ಮಾ ಬಿದ್ದು ಒಂಬತ್ತು ದಿನವಾದ ಮೇಲೆ. ಬೆಳಿಗ್ಗೆ ಸ್ಕೂಟರ್ ತೆಗೆಯಬೇಡ, ಕಾರಣ ಏನಿಲ್ಲ ಎಂದು ಬರೆದಿದ್ದೀರಿ. ಆ ಚಮಚ ಫ್ರೀಜರಿನಲ್ಲಿ ಏನಾಯಿತು ಅಪ್ಪ? ಅದರ ಸುದ್ದಿ ಯಾಕೆ ಬಿಡಬೇಕು? ನಿಮಗೆ ಆಗಲೇ ಗೊತ್ತಿತ್ತೇ?

ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಬ್ಬ ಗಿರಾಕಿಯ ಹಳೆಯ ಬ್ರೇಕ್ ಪಟ್ಟಿಯನ್ನು ಕಸಕ್ಕೆ ಹಾಕಿದ್ದಕ್ಕೆ ನೀವು ನನ್ನಿಂದ ಕಸದ ಗುಂಡಿಯಲ್ಲಿ ಹುಡುಕಿಸಿ, ತೊಳೆಸಿ, ಕಾಗದದಲ್ಲಿ ಸುತ್ತಿಸಿ ಅವರ ಮನೆಗೆ ಕಳಿಸಿದ್ದಿರಿ. ಬಿಚ್ಚಿದ ಭಾಗ ಅದರ ಯಜಮಾನನಿಗೆ ಮುಟ್ಟಬೇಕು, ಯಾಕೆ ಕೆಟ್ಟಿತು ಎಂದು ಅವನು ಕಣ್ಣಾರೆ ಕಾಣಬೇಕು ಎಂದಿದ್ದಿರಿ. ಈ ಗಾಡಿಯ ಜವಾಬ್ದಾರಿ ನನ್ನದು ಎಂದು ಬರೆದವರೂ ನೀವೇ. ಆ ಲೆಕ್ಕದಲ್ಲಿ ಯಜಮಾನ ನೀವು. ಕೇಬಲನ್ನು ಇದರ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಮರಾಠಿ ಪೇಪರಿನಲ್ಲೇ ಸುತ್ತಿದ್ದೇನೆ.

ನಾಳೆ ಅಂಚೆ ಇಲ್ಲ. ಸೋಮವಾರ ಹೊರಡುತ್ತದೆ.

ಮಂಜರಿ

*

ಪುಣೆ
25 ಜನವರಿ 2025

ಮಂಜರಿ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಾಳೆ ಭಾನುವಾರ, ಝಂಡಾವಂದನೆಯ ದಿನ ಬೇರೆ, ಅಂಚೆ ಇಲ್ಲ. ಇವತ್ತು ಹಾಕದಿದ್ದರೆ ಮನಸ್ಸು ಬದಲಾಯಿಸಲು ನನಗೆ ಇನ್ನೆರಡು ದಿನ ಸಿಗುತ್ತದೆ. ನನ್ನ ಮನಸ್ಸಿನ ಮೇಲೆ ನನಗೇ ಭರವಸೆ ಇಲ್ಲ. ಅದಕ್ಕೆ ಇವತ್ತೇ.

ನೀನು ಬಿದ್ದದ್ದು ನನ್ನಿಂದ.

ಡಿಸೆಂಬರ್ ಇಪ್ಪತ್ತಾರರ ಸಂಜೆ ಫ್ರೀಜರಿನಿಂದ ಆ ಚಮಚ ತೆಗೆದು ಬೋರಲು ಹಿಡಿದೆ. ಬೀಳಲಿಲ್ಲ. ಬೆರಳಿನಿಂದ ಒತ್ತಿದೆ, ಕಲ್ಲು. ಅಂಬಣ್ಣನವರ ಮಾತು ಅಕ್ಷರ ಅಕ್ಷರ ನಿಜ. ನಮ್ಮ ಫ್ರೀಜರಿನಷ್ಟೇ ನಿನ್ನ ಓಣಿಯೂ ಚಳಿ ಎಂದು ನಿನ್ನ ಕಾಗದದಿಂದಲೇ ಗೊತ್ತಿತ್ತು. ಕೇಬಲಿನಲ್ಲಿ ಎರಡರಷ್ಟು ತುಂಬಿದವನು ನಾನು. ಮರುದಿನ ನಿನಗೆ ಬರೆಯಲು ಕೂತೆ. ನನ್ನ ಮಿಶ್ರಣದ ತಪ್ಪು ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಮಣಿಕಟ್ಟಿನ ಮೇಲೆ ಗಾದೆ ಹೊರಿಸಿದ ಕೈ ಇದು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಕಾರಣ ಏನಿಲ್ಲ ಎಂದು ಬರೆದೆ.

ಇನ್ನೂ ಒಂದಿದೆ. ಅದನ್ನು ಬರೆಯಲಾಗದೆ ನಾಲ್ಕು ಸಲ ಹರಿದದ್ದು.

ಇಪ್ಪತ್ತೊಂಬತ್ತು ಭಾನುವಾರ. ನೀನು ಬೀಳುವ ಹಿಂದಿನ ದಿನ. ನಿಮ್ಮವ್ವ ಮಂಚದ ಮೇಲೆ ಕೂತು ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಕಾಗದ ಮುಟ್ಟಲು ಹತ್ತು ದಿನ ಬೇಕು, ಫೋನು ಕೈಯಳತೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಇಡುವ ಮುಂಚೆ ಅವಳು ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು, "ಏನರ ಹೇಳೋದದ ಏನ್ರಿ?"

ನಾನು ಹೇಳಿದೆ, "ಏನಿಲ್ಲ. ಆರಾಮ ಇರು ಅಂತ ಹೇಳು."

ಅಷ್ಟೇ ಮಂಜರಿ. ಸ್ಕೂಟರ್ ಮುಟ್ಟಬೇಡ ಅನ್ನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಎಂದು ಅವಳು ಕೇಳುತ್ತಾಳೆ, ಅವಳ ಮುಂದೆ ತಪ್ಪು ಒಪ್ಪಬೇಕಾಗುತ್ತದೆ ಎಂದು ಹೇಳಲಿಲ್ಲ. ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಆ ಹುಡುಗಿಯ ಕಾಲು ಮುರಿಯಿತು.

ಬಿದ್ದ ಗಾಡಿಯ ಗಾಲಿ ತಿರುಗುತ್ತಲೇ ಇತ್ತು ಎಂದು ನೀನು ಬರೆದ ಸಾಲು ಓದಿ ನನಗೆ ಉಳಿದದ್ದೆಲ್ಲ ತಿಳಿಯಿತು. ಆಗಲೂ ಗಾಡಿ ಬಿಚ್ಚಿಸಬೇಡ ಎಂದು ಬರೆದೆ. ನಿನ್ನ ಗಾಡಿ ಕೆಡುತ್ತದೆ ಎಂದಲ್ಲ. ಅದನ್ನು ನೀನು ಈಗ ಅರ್ಥ ಮಾಡಿಕೊಂಡಿರುತ್ತೀ.

ಆಸ್ಪತ್ರೆಗೆ ಬರೆದುಕೊಟ್ಟದ್ದನ್ನು ವಾಪಸು ತೆಗೆದುಕೋ. ನನ್ನ ಈ ಕಾಗದ ತೋರಿಸು. ಸ್ಟಾನ್ಜಿನ್‌ನನ್ನು ಕರೆಸಿ ಬಿಚ್ಚಿಸು. ಒಂದು ಕೇಬಲನ್ನೂ ಬಿಡಬೇಡ, ಬ್ರೇಕಿನದೂ ಅದೇ.

ನಿನ್ನೆ ನಿಮ್ಮವ್ವನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಒಳಗೆ ಹೋಗಿ ಆ ಚಮಚ ತಂದು ನನ್ನ ಮುಂದಿಟ್ಟಳು. ತಿಂಗಳಿಂದ ಎತ್ತಿಟ್ಟಿದ್ದಳಂತೆ, ಜಿಡ್ಡು ಹೋಗುವುದಿಲ್ಲ ಎಂದು. "ಇದನ್ನ ನೀವೇ ತೊಳೀರಿ" ಎಂದಳು. ಆಮೇಲೆ ಮಾತಿಲ್ಲ.

ಅಪ್ಪ

*

ಪುಣೆ
5 ಫೆಬ್ರವರಿ 2025

ಮಂಜರಿ,

ಪಾರ್ಸೆಲ್ ಇವತ್ತು ಬೆಳಿಗ್ಗೆ ಬಂತು. ಬಿಚ್ಚುವ ಮುಂಚೆಯೇ ಬೆರಳಿಗೆ ಗೊತ್ತಾಯಿತು. ಸುರುಳಿ ಸುತ್ತಿದ ಕೇಬಲನ್ನು ನನ್ನ ಕೈ ಕತ್ತಲೆಯಲ್ಲೂ ಗುರುತಿಸುತ್ತದೆ. ಕಾಗದ ಓದಿದೆ. ನೀನು ಕೇಳಿದ್ದೆಲ್ಲ ಸರಿ.

ನನ್ನ ಕಾಗದ ನಿನಗೆ ಇಷ್ಟರಲ್ಲಿ ಮುಟ್ಟಿರಬೇಕು. ನೀನು ಒಂದು ತಿಳಿಯಬಹುದು: ಕೇಬಲ್ ಕೈಗೆ ಬಂದ ಮೇಲೆ, ಇನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲವೆಂದು ಅಪ್ಪ ಒಪ್ಪಿಕೊಂಡ, ತಾರೀಖು ಹಿಂದಿನದು ಹಾಕಿದ ಎಂದು. ನನ್ನ ಹಿಂದಿನ ಕಾಗದಗಳನ್ನು ನೋಡಿದರೆ ಹಾಗೆ ತಿಳಿದರೂ ತಪ್ಪಿಲ್ಲ. ಸ್ಪೀಡ್ ಪೋಸ್ಟಿನ ರಸೀದಿ ಇದರಲ್ಲಿ ಇಟ್ಟಿದ್ದೇನೆ. ಇಪ್ಪತ್ತೈದು ಜನವರಿ, ಬೆಳಿಗ್ಗೆ ಹನ್ನೊಂದು ನಲವತ್ತು. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಕೇಬಲನ್ನು ಗ್ಯಾರೇಜಿನಲ್ಲಿ ಬೆಂಚಿನ ಮೇಲಿನ ಮೊಳೆಗೆ ಹಾಕಿದ್ದೇನೆ, ಕುಡಿಸಲು ನೇತುಹಾಕಿದ್ದ ಅದೇ ಮೊಳೆಗೆ. ಇದೇನು ಎಂದು ಗಿರಾಕಿಗಳು ಕೇಳುತ್ತಾರೆ. ಹೇಳುತ್ತೇನೆ. ಮೊದಲ ಸಲ ಹೇಳಿದ್ದು ಅಂಬಣ್ಣನವರಿಗೆ. ಅವರು ಕೇಳಿ, ಅಮೃತತುಲ್ಯ ಚಹಾದಂಗಡಿಯಿಂದ ಇಬ್ಬರಿಗೂ ಚಹಾ ತರಿಸಿದರು.

ಬೇರೆ ಮೂರು ಕೇಬಲ್ ಕಳಿಸುತ್ತಿದ್ದೇನೆ. ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದ್ದೇನೆ. ಗ್ರೀಸು ಇಲ್ಲ. ಅಂಬಣ್ಣನವರನ್ನು ಕೇಳಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಮಾತ್ರ. ಮೂರನ್ನೂ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಎಳೆದು ಬಿಟ್ಟು ನೋಡಿದೆ. ನಿಮ್ಮವ್ವನೇ ಜಾಗ ಮಾಡಿಕೊಟ್ಟಳು. ಮಾತು ಇನ್ನೂ ಆಡುತ್ತಿಲ್ಲ. ಆದರೂ ಹಾಕಿಕೊಳ್ಳಬೇಕೋ ಬೇಡವೋ ಸ್ಟಾನ್ಜಿನ್ ಹೇಳಲಿ. ಅಲ್ಲಿನ ಚಳಿ ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ.

ಅಪ್ಪ

*

ಲೇಹ್
18 ಫೆಬ್ರವರಿ 2025

ಅಪ್ಪನಿಗೆ ನಮಸ್ಕಾರ.

ರಸೀದಿ ಬೇಕಿರಲಿಲ್ಲ. ನಿಮ್ಮ ಜನವರಿಯ ಕಾಗದ ಮೂರನೇ ತಾರೀಖು ಬಂದಿತ್ತು. ಅಂಚೆ ಕಚೇರಿಗೆ ಹೋಗಿ ತೆಗೆದುಕೊಂಡು, ಒಡೆಯುವ ಮುಂಚೆ ಲಕೋಟೆಯ ಮೇಲಿನ ಮೊಹರು ನೋಡಿದೆ. ಇಪ್ಪತ್ತೈದು ಎಂದಿತ್ತು. ನನ್ನ ಪಾರ್ಸೆಲ್ ಇಲ್ಲಿಂದ ಹೊರಟದ್ದೇ ಇಪ್ಪತ್ತೇಳಕ್ಕೆ. ನನ್ನ ಪ್ರಶ್ನೆ ಮುಟ್ಟುವ ಮುಂಚೆಯೇ ನೀವಾಗಿ ಬರೆದಿದ್ದೀರಿ ಎಂದು ತಿಳಿದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಒಳಗೆ ಏನು ಬರೆದಿದೆ ಎಂದು ಇನ್ನೂ ಓದಿರಲಿಲ್ಲ.

ಓದಿದ ಮೇಲೆ ಸಿಟ್ಟು ಬಂತು. ಭಾನುವಾರದ ಫೋನಿನ ಸಂಗತಿ ನನಗೆ ಗೊತ್ತಿರಲಿಲ್ಲ. ಆ ದಿನ ಅವ್ವ "ಅಪ್ಪ ಆರಾಮ ಇರು ಅಂತಾರ" ಎಂದದ್ದು ನೆನಪಿದೆ. ಸಿಟ್ಟು ಈಗಲೂ ಹೋಗಿಲ್ಲ. ಸುಳ್ಳು ಬರೆಯುವುದಿಲ್ಲ. ಆದರೆ ಕಾಗದ ಬರೆಯಲು ಬರುವಷ್ಟು ಇಳಿದಿದೆ. ಒಂದು ಹೇಳಿಬಿಡುತ್ತೇನೆ, ಕುಣಿಯುವವಳಿಗೆ ಕುಣಿಯಲು ಬರುತ್ತಿತ್ತು ಅಪ್ಪ, ನೆಲವೇ ಡೊಂಕಿತ್ತು. ಆಸ್ಪತ್ರೆಯವರು ನನ್ನ ಹಳೆಯ ಹೇಳಿಕೆ ಹರಿದು ಹೊಸದು ಬರೆಸಿಕೊಂಡರು.

ಪದ್ಮಾಳಿಗೆ ನಿಮ್ಮ ಕಾಗದವನ್ನು ಹಿಂದಿಯಲ್ಲಿ ಓದಿ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಚಮಚದ ಸಂಗತಿಗೆ ಅವಳು ನಕ್ಕಳು, ಫೋನಿನ ಸಂಗತಿಗೆ ಗೋಡೆಯ ಕಡೆ ತಿರುಗಿದಳು. ಆ ಕಡೆ ತಿರುಗಿಯೇ ಕೇಳಿದಳು: ಮುರಿದದ್ದು ನನ್ನ ಕಾಲು, ನಿನ್ನ ಅಪ್ಪ ನಿನಗೆ ಯಾಕೆ ಬರೆಯುತ್ತಾನೆ? ನನಗೆ ಬರೆಯಲಿ.

ಬರೆಯಿರಿ ಅಪ್ಪ. ನಿಮ್ಮ ಮರಾಠಿ ಬೆರೆತ ಹಿಂದಿಯಲ್ಲೇ ಬರೆಯಿರಿ. ಯಾರಿಂದಲೂ ತಿದ್ದಿಸಬೇಡಿ, ನಾನೂ ತಿದ್ದುವುದಿಲ್ಲ. ವಿಳಾಸ ಅವಳ ಹೆಸರಿಗೆ ಇರಲಿ.

ಮೊನ್ನೆ ಅವಳ ಪ್ಲಾಸ್ಟರ್ ಬಿಚ್ಚಿದರು. ಕೋಲು ಹಿಡಿದು ನಡೆಯುತ್ತಾಳೆ, ಕುಂಟು ಇದೆ. ಹೋಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ, ಅವಳು ನಂಬುವುದಿಲ್ಲ.

ನಿಮ್ಮ ಕೇಬಲುಗಳನ್ನು ಸ್ಟಾನ್ಜಿನ್ ಬೆರಳಿನಲ್ಲಿ ತಿಕ್ಕಿ, ಮೂಸಿ, ಒಂದು ರಾತ್ರಿ ಹಿಮದಲ್ಲಿ ಹೂತಿಟ್ಟು ಆಮೇಲೆ ಹಾಕಿದ. ಇವತ್ತು ಬೆಳಿಗ್ಗೆ ಮೈನಸ್ ಹದಿಮೂರು ಇತ್ತು. ಸ್ವೆಟರಿನೊಳಗೆ ಪೇಪರು ತುರುಕಿಕೊಂಡು ಗಾಡಿಯನ್ನು ಅಂಗಳಕ್ಕೆ ತಂದೆ. ಹತ್ತದೆ ಹಿಡಿಕೆ ಹಿಡಿದು ಪಕ್ಕದಲ್ಲೇ ನಿಂತೆ. ಅಮಾಲೆ ಬಾಗಿಲಲ್ಲಿ ಬೂದಿಯ ಬುಟ್ಟಿ ಹಿಡಿದು ನಿಂತಿದ್ದಳು, ಚೆಲ್ಲಿರಲಿಲ್ಲ. ಪದ್ಮಾ ಕೋಲೂರಿಕೊಂಡು ಬಂದಳು. ಕೈಗವಸು ತೆಗೆದು ಎಕ್ಸಲರೇಟರಿನ ಮೇಲೆ ಬರಿಗೈ ಇಟ್ಟಳು. ತಿರುಗಿಸಿ ಬಿಟ್ಟಳು, ಹಿಂದಕ್ಕೆ ಬಂತು. ಮತ್ತೆ ತಿರುಗಿಸಿ ಬಿಟ್ಟಳು. ಮೂರನೆಯ ಸಲ ಪೂರ್ತಿ ತಿರುಗಿಸಿ, ನನ್ನ ಮುಖ ನೋಡುತ್ತ ಹಿಡಿದುಕೊಂಡೇ ನಿಂತಳು. ಆಮೇಲೆ ಬಿಟ್ಟಳು. ತಕ್ಷಣ ಬಂತು.

ಹೋಗು ಎಂದಳು.

ಅಮಾಲೆ ಮುಂದೆ ಮುಂದೆ ಬೂದಿ ಚೆಲ್ಲುತ್ತ ಇಳಿದಳು. ನಾನು ಅವಳ ಹಿಂದೆ ಹೊರಟೆ.

ನಿಮ್ಮ ಮಂಜರಿ